ಸಿಂಹಾನೋ ಪರ್ಸಿಮನ್ ಹಣ್ಣೋ: ಅಮೆರಿಕದ ಒಂದು ಟೆಸ್ಟು ಚೀನಾಕ್ಕೆ ಹೋದ ಪ್ರಕರಣ

ಮ್ಯಾಂಡರಿನ್ ಚೀನೀಲಿ ಸಿಂಹಕ್ಕೆ ಶಿಜ ಅಂತಾರೆ, ದನಿ ಮೇಲೇ ನಿಲ್ಲಿಸಿ ಸಮವಾಗಿ ಹೇಳ್ಬೇಕು. ಅದೇ ಶಿಜಾನ ದನಿ ಕೆಳಕ್ಕೆ ಇಳಿಸಿ ಹೇಳಿದ್ರೆ ಪರ್ಸಿಮನ್ ಹಣ್ಣು, ಆ ಟೊಮ್ಯಾಟೊ ಥರ ಕಾಣುತ್ತಲ್ಲ ಅದು. ಕೆಳಗಿಂದ ಏರಿಸಿ ಹೇಳಿದ್ರೆ ಹೆಚ್ಚುಕಮ್ಮಿ ಸಣ್ಣ ಕಲ್ಲು ಅನ್ನೋ ಅರ್ಥ ಬಂದ್ಬಿಡುತ್ತೆ. ಈಗ ಹೀಗೆ ಊಹಿಸ್ಕೊಳ್ಳಿ, ಹತ್ತು ವರ್ಷದಿಂದ ಸ್ಕಿಜೋಫ್ರೇನಿಯಾ ಇರೋ ಒಬ್ಬರು, ಮನೇಲಿ ತಮ್ಮೂರಿನ ಆಡುಭಾಷೆ ಮಾತಾಡೋರು, ಆಸ್ಪತ್ರೇಲಿ ಟೇಬಲ್ ಮುಂದೆ ಕೂತಿದ್ದಾರೆ. ಎದುರಿಗಿರೋ ಸೈಕಾಲಜಿಸ್ಟು ಬೀಜಿಂಗ್ ಉಚ್ಚಾರಣೇಲಿ ಒಂದಷ್ಟು ಪದ ಓದಿ "ನೆನಪಿರೋದೆಲ್ಲ ಹೇಳಿ" ಅಂತಾರೆ. ಅವರು ಪರ್ಸಿಮನ್ ಅಂತಾರೆ. ತಪ್ಪು ಅಂತ ಗೀಟು ಹಾಕ್ಬೇಕು ಸರಿ, ಆದ್ರೆ ತಪ್ಪಿದ್ದು ನೆನಪಾ, ಕಿವಿಯಾ, ಓದಿದೋರ ನಾಲಗೆಯಾ? ಪ್ರಾಣಿ, ಹಣ್ಣು, ಕಲ್ಲು ಎಲ್ಲ ನಾನು ಉದಾಹರಣೆಗೆ ತಗೊಂಡಿದ್ದು, ನಿಜವಾದ ಟೆಸ್ಟಿನ ಪದಗಳನ್ನ ಹೀಗೆ ಎಲ್ಲೆಂದರಲ್ಲಿ ಬರೀಬಾರ್ದು, ಬರೆದ್ರೆ ನಾಳೆ ಆ ಟೆಸ್ಟು ಕೆಲಸಕ್ಕೆ ಬರಲ್ಲ. ಆದ್ರೆ ಸಮಸ್ಯೆ ಮಾತ್ರ ನಿಜದ್ದೇ.

ಟೆಸ್ಟಿನ ಹೆಸರು ಮ್ಯಾಟ್ರಿಕ್ಸ್ ಕನ್ಸೆನ್ಸಸ್ ಕಾಗ್ನಿಟಿವ್ ಬ್ಯಾಟರಿ, ಎಲ್ಲರೂ ಎಂಸಿಸಿಬಿ ಅಂತಾರೆ. ಇದು ಹುಟ್ಟಿದ್ದಕ್ಕೆ ಒಂದು ಕಾರಣ ಇದೆ. ಸ್ಕಿಜೋಫ್ರೇನಿಯಾಗೆ ಕೊಡೋ ಮಾತ್ರೆಗಳು ಕಿವೀಲಿ ಕೇಳಿಸೋ ಧ್ವನಿ, ಇಲ್ಲಸಲ್ಲದ ಅನುಮಾನ ಇವನ್ನ ಸಾಕಷ್ಟು ಕಮ್ಮಿ ಮಾಡ್ತವೆ, ಆದ್ರೆ ಗಮನ, ನೆನಪು, ಯೋಚನೆಯ ಸ್ಪೀಡು ಇವಕ್ಕೆ ಅಷ್ಟಾಗಿ ಏನೂ ಮಾಡಲ್ಲ, ಮನುಷ್ಯ ಮತ್ತೆ ಕೆಲಸಕ್ಕೆ ಹೋಗೋಕೆ ಆಗುತ್ತೋ ಇಲ್ವೋ ಅನ್ನೋದು ಬಹಳಷ್ಟು ನಿಂತಿರೋದು ಈ ಎರಡನೇ ಗುಂಪಿನ ಮೇಲೇನೇ. ಇದಕ್ಕೆ ಔಷಧಿ ಕಂಡುಹಿಡೀಬೇಕು ಅಂದ್ರೆ ಮೊದಲು ಅಳೆಯೋಕೆ ಒಪ್ಪಿತವಾದ ಒಂದು ಕೋಲು ಬೇಕು. ಹಂಗಾಗಿ ಅಮೆರಿಕ ಸರ್ಕಾರದ ಮಾನಸಿಕ ಆರೋಗ್ಯ ಸಂಸ್ಥೆಯಾದ ಎನ್‌ಐಎಂಎಚ್ ದುಡ್ಡು ಕೊಟ್ಟು, ಲಾಸ್ ಏಂಜಲೀಸ್‌ನ ಯುಸಿಎಲ್‌ಎ ಕಡೆಯವರು ಮುಂದೆ ನಿಂತು, 90ಕ್ಕೂ ಹೆಚ್ಚು ಟೆಸ್ಟುಗಳಿಂದ ಸೋಸಿ ಸೋಸಿ ಕೊನೆಗೆ 10 ಇಟ್ಕೊಂಡ್ರು, 7 ಸಾಮರ್ಥ್ಯಗಳು, ಒಂದು ಗಂಟೆ ಚಿಲ್ಲರೆ ಸಮಯ. 2008ರಲ್ಲಿ ಅದರ ಪೇಪರುಗಳು ಬಂದವು. ನಾರ್ಮ್ಸ್‌ಗೆ, ಅಂದ್ರೆ ಹೋಲಿಸಿ ನೋಡೋ ಅಳತೆಗೆ ಅಂತ ಅಮೆರಿಕದ 5 ಊರುಗಳ 300 ಜನ ಆರೋಗ್ಯವಂತರನ್ನ ಕೂರಿಸಿ ಟೆಸ್ಟ್ ಮಾಡಿದ್ರು. ಇನ್ಮೇಲೆ ಯಾರೇ ಬಂದ್ರೂ ಅವರ ಅಂಕಾನ ಆ 300 ಜನರ ಪಕ್ಕ ಇಟ್ಟು ನೋಡೋದು, ಸರಾಸರಿ 50, ಅದರ ಕೆಳಗೆ ಪ್ರತಿ 10ಕ್ಕೂ ಒಂದು ಮೆಟ್ಟಿಲು ಕೆಳಗೆ ಅಂತ ಲೆಕ್ಕ. ಇದನ್ನೇ ಟಿ-ಸ್ಕೋರ್ ಅನ್ನೋದು.

ನಮ್ಮ ಹೂವಿನೋರು ಮೊಳ ಹಾಕಿ ಕೊಡ್ತಾರಲ್ಲ, ಮೊಳ ಅನ್ನೋದು ಯಾರ ಕೈ ಅನ್ನೋದರ ಮೇಲೆ ಹೋಗುತ್ತೆ. ಟಿ-ಸ್ಕೋರೂ ಅಷ್ಟೇ. ಟೆಸ್ಟಿನ ಪದಗಳನ್ನ ಚೀನೀಗೆ ಅನುವಾದ ಮಾಡಬಹುದು, ಆದ್ರೆ ಆ 50 ಅನ್ನೋ ನಂಬರ್ ಇದ್ಯಲ್ಲ, ಅದು ಅಮೆರಿಕದವರ ಕೈ. ಅದನ್ನ ಅನುವಾದ ಮಾಡೋಕೆ ಡಿಕ್ಷನರಿ ಸಾಲಲ್ಲ, ಮತ್ತೆ ನೂರಾರು ಜನರನ್ನ ಕೂರಿಸ್ಬೇಕು. ಪೀಕಿಂಗ್ ಯೂನಿವರ್ಸಿಟಿಯ ಮಾನಸಿಕ ಆರೋಗ್ಯ ಸಂಸ್ಥೆಯವರು ಮುಂದಾಳತ್ವ ವಹಿಸಿ ಅದೇ ಮಾಡಿದ್ರು. ಚೀನಾದ 6 ಕೇಂದ್ರಗಳಲ್ಲಿ 600ಕ್ಕೂ ಹೆಚ್ಚು ಆರೋಗ್ಯವಂತರನ್ನ ಟೆಸ್ಟ್ ಮಾಡಿ, 2015ರಲ್ಲಿ ಚೀನಾದ್ದೇ ನಾರ್ಮ್ಸ್ ಅಂತ ಪ್ರಕಟಿಸಿದ್ರು.

ಹತ್ತರಲ್ಲಿ ಅರ್ಧ ಟೆಸ್ಟುಗಳದ್ದು ಅಷ್ಟೇನೂ ತಕರಾರಿಲ್ಲ. ನಂಬರುಗಳನ್ನ ಕ್ರಮವಾಗಿ ಸೇರಿಸ್ತಾ ಗೆರೆ ಎಳೆಯೋದು, ಚಿಹ್ನೆಗೆ ಅಂಕಿ ಬರೆಯೋದು, ಗುಬುಟುಗಳನ್ನ ತೋರಿಸಿದ ಕ್ರಮದಲ್ಲಿ ಮುಟ್ಟೋದು, ಕಾಗದದ ಮೇಲಿನ ಚಕ್ರವ್ಯೂಹದಿಂದ ಆಚೆ ಬರೋದು, ಕಂಪ್ಯೂಟರಲ್ಲಿ ಒಂದೇ ಅಂಕಿಗಳು ಬೆನ್ನುಬೆನ್ನಿಗೆ ಎರಡು ಸಲ ಬಂದ್ರೆ ಬಟನ್ ಒತ್ತೋದು. ಸೂಚನೆ ಅರ್ಥ ಆದ್ರೆ ಸಾಕು, ಭಾಷೆ ಹೆಚ್ಚು ಅಡ್ಡ ಬರಲ್ಲ. ಪೆನ್ಸಿಲ್ ಹಿಡಿದು ಅಭ್ಯಾಸ ಇಲ್ಲದ ರೈತನಿಗೆ ಗೆರೆ ಎಳೆಯೋದೇ ಒಂದು ಪರೀಕ್ಷೆ ಅನ್ನೋದು ಬೇರೆ ಮಾತು, ಅದಕ್ಕೆ ಆಮೇಲೆ ಬರ್ತೀನಿ.

ಕಷ್ಟ ಶುರುವಾಗೋದು ಪದಗಳ ಪಟ್ಟೀಲಿ. 12 ಪದ, ಮೂರು ಗುಂಪು, ಗುಂಪಿಗೆ ನಾಲ್ಕರಂತೆ, ಆದ್ರೆ ಎಲ್ಲ ಕಲಸಿ ಓದ್ತಾರೆ, ಮೂರು ಸಲ ಓದಿ ಮೂರು ಸಲ ಕೇಳ್ತಾರೆ, ಒಟ್ಟು 36ಕ್ಕೆ ಅಂಕ. ಇದರ ಒಳಗುಟ್ಟು ಏನಂದ್ರೆ, ಚುರುಕಾಗಿರೋ ಮನಸ್ಸು ತನಗೇ ಗೊತ್ತಿಲ್ಲದಂಗೆ ಒಂದೇ ಜಾತಿಯ ಪದಗಳನ್ನ ಒಂದು ಕಡೆ ಜೋಡಿಸ್ಕೊಳ್ಳುತ್ತೆ. ಸ್ಕಿಜೋಫ್ರೇನಿಯಾ ಇರೋರು ಸಾಮಾನ್ಯವಾಗಿ ಆ ಜೋಡಣೆ ಕಮ್ಮಿ ಮಾಡ್ತಾರೆ. ಹಾಗಾಗಿ ಅನುವಾದದಲ್ಲಿ ಅರ್ಥ ಉಳಿದ್ರೆ ಸಾಲ್ದು, ಗುಂಪು ಉಳೀಬೇಕು, ಪದ ಎಷ್ಟು ಬಳಕೇದು ಅನ್ನೋದು ಉಳೀಬೇಕು, ಉದ್ದ ಹೆಚ್ಚುಕಮ್ಮಿ ಒಂದೇ ಇರ್ಬೇಕು. ಚೀನೀಲಿ ಒಂದೇ ಅಕ್ಷರದ ಪದ ಕಿವಿಗೆ ಬಿದ್ರೆ ಅದಕ್ಕೆ ಹತ್ತು ಅರ್ಥ ಇರಬಹುದು, ಬರೆದು ತೋರಿಸಿದ್ರೆ ಗೊತ್ತಾಗುತ್ತೆ, ಆದ್ರೆ ಇಲ್ಲಿ ಬರೀ ಕೇಳಿಸ್ಕೊಳ್ಳೋದು ತಾನೇ, ಅದಕ್ಕೆ ಎರಡಕ್ಷರದ ಪದ ಹುಡುಕ್ಬೇಕು, ಅಲ್ಲೂ ಶಿಜ ಥರದ ಗುಂಡಿಗಳು. ಸಮಾನಾರ್ಥಕ ಪದಗಳ ಕಾಟ ಬೇರೆ. ನಾವು ಲಾಡ್ಜು, ಹೋಟ್ಲು ಅನ್ನೋದಕ್ಕೆ ಅಲ್ಲಿ ಬಿನ್‌ಗ್ವಾನ್, ಲ್ಯೂಗ್ವಾನ್, ಜ್ಯೋದ್ಯೆನ್, ಫಾನ್‌ದ್ಯೆನ್ ಅಂತ ನಾಲ್ಕು ಇದಾವೆ, ಊರಿಗೊಂದು ರೂಢಿ. ಪಟ್ಟೀಲಿ ಒಂದಿದ್ದು ರೋಗಿ ಇನ್ನೊಂದು ಹೇಳಿದ್ರೆ? ಕನ್ನಡದಲ್ಲೇ ನೋಡಿ, ನಾವು ಕಡ್ಲೆಕಾಯಿ ಅಂತ ಓದಿ ಧಾರವಾಡದ ಕಡೆಯೋರು ವಾಪಸ್ ಶೇಂಗಾ ಅಂದ್ರೆ ಅಂಕ ಕೊಡೋದಾ ಬೇಡ್ವಾ. ಆ ಮನುಷ್ಯ ಪದ ಮರ್ತಿಲ್ಲ, ಪದದ ವಸ್ತು ಅವರ ತಲೇಲಿ ಭದ್ರವಾಗಿದೆ. ಆದ್ರೆ ರೂಲ್ ಪುಸ್ತಕದಲ್ಲಿ ಬರೆದಿಲ್ಲ ಅಂದ್ರೆ ಒಬ್ಬ ಸೈಕಾಲಜಿಸ್ಟು ಕೊಡ್ತಾನೆ, ಇನ್ನೊಬ್ಬ ಕೊಡಲ್ಲ, ಆರು ಕೇಂದ್ರದಲ್ಲಿ ಆರು ಥರ ಆಗುತ್ತೆ. ಇಂಥ ಪುಟ್ಟ ತೀರ್ಮಾನಗಳನ್ನ ಮೊದಲೇ ಕೂತು ಬರೆದಿಡೋದೇ ಈ ಕೆಲಸದ ಮುಕ್ಕಾಲು ಪಾಲು ಅಂತ ನನಗನ್ಸುತ್ತೆ, ಪೇಪರಲ್ಲಿ ಮಾತ್ರ ಅದಕ್ಕೆ ಸಿಗೋದು ಒಂದು ಸಾಲು, "ಅನುವಾದ ಮಾಡಿ ಮರು ಅನುವಾದ ಮಾಡಲಾಯಿತು" ಅಂತ.

ಈ ಮರು ಅನುವಾದದ ಬಗ್ಗೆ ನನಗೊಂದು ತಕರಾರಿದೆ. ಇಂಗ್ಲಿಷಿಂದ ಚೀನೀಗೆ ಒಬ್ಬರು ಮಾಡ್ತಾರೆ, ಚೀನೀಯಿಂದ ಇಂಗ್ಲಿಷಿಗೆ ಇನ್ನೊಬ್ಬರು, ಎರಡೂ ಇಂಗ್ಲಿಷು ತಾಳೆ ಆದ್ರೆ ಪಾಸು. ಆದ್ರೆ ಸಿಂಹ ಶಿಜ ಆಗಿ ಮತ್ತೆ ಸಿಂಹ ಆಗಿ ಬರುತ್ತೆ, ಕಾಗದದ ಮೇಲೆ ಎಲ್ಲ ಸರಿ. ಪರ್ಸಿಮನ್ ಹಣ್ಣು ಆ ದಾರೀಲಿ ಎಲ್ಲೂ ಕಾಣಿಸಲ್ಲ. ಅದು ಕಾಣೋದು ಜೋರಾಗಿ ಓದಿ ಹತ್ತು ಜನಕ್ಕೆ ಕೇಳಿಸಿದಾಗ ಮಾತ್ರ.

ಇನ್ನೊಂದು, ಒಂದು ನಿಮಿಷದಲ್ಲಿ ಎಷ್ಟಾಗುತ್ತೋ ಅಷ್ಟು ಪ್ರಾಣಿ ಹೆಸರು ಹೇಳಿ ಅನ್ನೋದು. ಇದು ಬಲು ಸುಲಭದ ಅನುವಾದ, ಒಂದೇ ವಾಕ್ಯ. ಆದ್ರೆ ಚೀನೀಯರಿಗೆ ಚಿಕ್ಕಂದಿನಿಂದ ಬಾಯಿಪಾಠ ಇರೋ ಹನ್ನೆರಡು ವರ್ಷದ ಪ್ರಾಣಿಚಕ್ರ ಇದೆ, ಇಲಿ ಎತ್ತು ಹುಲಿ ಮೊಲ ಡ್ರ್ಯಾಗನ್ ಹಾವು ಕುದುರೆ ಕುರಿ ಕೋತಿ ಕೋಳಿ ನಾಯಿ ಹಂದಿ. ನಾವು ಚೈತ್ರ ವೈಶಾಖ ಹೇಳ್ದಂಗೆ ಒಂದೇ ಉಸಿರಿಗೆ ಹನ್ನೆರಡು. ಅಮೆರಿಕದವನು ಒಂದೊಂದನ್ನೂ ತಡಕಾಡಿ ಹುಡುಕ್ಬೇಕು. ಡ್ರ್ಯಾಗನ್ ಪ್ರಾಣಿನಾ ಅಲ್ವಾ ಅಂತ ಬೇರೆ ಒಂದು ಜಗಳ.

ಅಕ್ಷರ-ಅಂಕಿ ಟೆಸ್ಟು ಮಾತ್ರ ಅನುವಾದಕ್ಕೆ ಬಗ್ಗಲೇ ಇಲ್ಲ. ಅಂಕಿ ಅಕ್ಷರ ಕಲಸಿ ಓದ್ತಾರೆ, ಮನಸ್ಸಲ್ಲೇ ಬೇರೆ ಮಾಡಿ ಮೊದಲು ಅಂಕಿಗಳನ್ನ ಕ್ರಮವಾಗಿ, ಆಮೇಲೆ ಅಕ್ಷರಗಳನ್ನ ಎಬಿಸಿಡಿ ಕ್ರಮದಲ್ಲಿ ಹೇಳ್ಬೇಕು. ಚೀನೀ ಬರಹಕ್ಕೆ ಎಬಿಸಿಡಿ ಅಂತ ಕ್ರಮ ಎಲ್ಲಿದೆ? ಪಿನ್‌ಯಿನ್ ಇದೆ ಅಂತ ನೀವನ್ನಬಹುದು, ಚೀನೀ ಉಚ್ಚಾರಣೆಯನ್ನ ರೋಮನ್ ಅಕ್ಷರದಲ್ಲಿ ಬರೆಯೋ ಪದ್ಧತಿ, ಆದ್ರೆ ಅದು ಬಂದಿದ್ದೇ 1958ರಲ್ಲಿ, ಹಳೇ ಕಾಲದವರಿಗೆ, ಶಾಲೆ ಸರಿಯಾಗಿ ಕಾಣದ ಹಳ್ಳಿಯೋರಿಗೆ ಅದು ಕೈಗೆ ಹತ್ತಿಲ್ಲ. ತೈವಾನಿನವರು ಕಲಿಯೋದು ಬೊಪೊಮೊಫೋ ಅನ್ನೋ ಬೇರೇನೇ ಚಿಹ್ನೆಗಳು. ಜ್ಯಾ, ಯಿ, ಬಿಂಗ್, ದಿಂಗ್ ಅಂತ ಹತ್ತರ ಒಂದು ಹಳೇ ಸರಣಿ ಇದೆ, ನಾವು ಅ, ಆ, ಇ, ಈ ಅಂತ ಪಟ್ಟಿಗೆ ಗುರುತು ಹಾಕ್ದಂಗೆ ಅವರು ಬಳಸ್ತಾರೆ, ಆದ್ರೆ ಮೊದಲ ನಾಲ್ಕು ಎಲ್ಲರಿಗೂ ಗೊತ್ತು, ಆಮೇಲಿನವು ಅಷ್ಟು ಸಲೀಸಿಲ್ಲ. ಅಕ್ಷರಕ್ರಮ ಯೋಚನೆ ಇಲ್ಲದೆ ಬಾಯಿಗೆ ಬಂದ್ರೆ ಮಾತ್ರ ಇದು ವರ್ಕಿಂಗ್ ಮೆಮರಿ (ಕೇಳಿದ್ದು ನೋಡಿದ್ದನ್ನ ಮನಸ್ಸಲ್ಲಿ ಹಿಡಿದಿಟ್ಕೊಂಡೇ ಕೆಲಸ ಮಾಡೋ ಶಕ್ತಿ) ಟೆಸ್ಟು, ಕ್ರಮಾನೇ ತಡಕಾಡಬೇಕಾದ್ರೆ ಅದು ಓದಿನ ಟೆಸ್ಟು. ನಂಬಿಕೆ ಬರದಿದ್ರೆ ಬ, ಝ, ತ, ಘ ಇವನ್ನ ವರ್ಣಮಾಲೆ ಕ್ರಮದಲ್ಲಿ ಥಟ್ ಅಂತ ಹೇಳಿ ನೋಡಿ, ಬೆರಳು ಮಡಚದೆ. ಕೊನೆಗೆ ಏನಾಯ್ತು ಅಂದ್ರೆ, ಚೀನಾದಿಂದ ಬರೋ ಎಷ್ಟೋ ಸಂಶೋಧನೆಗಳಲ್ಲಿ ಎಂಸಿಸಿಬಿ ಅಂದ್ರೆ 10 ಅಲ್ಲ 9 ಟೆಸ್ಟು, ಇದನ್ನ ಕೈಬಿಟ್ಟಿದ್ದಾರೆ. ನನ್ನ ಪ್ರಕಾರ ಅದು ಸೋಲಲ್ಲ, ತೇಪೆ ಹಾಕಿ ಉಳಿಸ್ಕೊಳ್ಳೋದಕ್ಕಿಂತ ಎಷ್ಟೋ ಮೇಲು. ಆದ್ರೆ ಬೆಲೆ ಇದೆ, ವರ್ಕಿಂಗ್ ಮೆಮರಿ ಅನ್ನೋ ಖಾನೇಲಿ ಈಗ ಉಳಿದಿದ್ದು ಗುಬುಟು ಮುಟ್ಟೋ ಟೆಸ್ಟ್ ಒಂದೇ, ಕಿವಿಯಿಂದ ಕೇಳಿದ್ದನ್ನ ಹಿಡಿದಿಟ್ಕೊಳ್ಳೋ ಶಕ್ತಿ ಅಳತೆಯಿಂದ ಆಚೆ ಹೋಯ್ತು. ಅಮೆರಿಕದ 10ರ ಒಟ್ಟು ಅಂಕಾನೂ ಚೀನಾದ 9ರ ಒಟ್ಟು ಅಂಕಾನೂ ಪಕ್ಕಪಕ್ಕ ಇಟ್ಟು ಹೋಲಿಸೋರನ್ನ ನೋಡಿದ್ರೆ ಮೈ ಉರಿಯುತ್ತೆ.

ಎಲ್ಲಕ್ಕಿಂತ ಅನುಮಾನ ಇರೋದು ಭಾವನೆ ನಿಭಾಯಿಸೋ ಟೆಸ್ಟಿನ ಮೇಲೆ. ಸಣ್ಣ ಸನ್ನಿವೇಶ ಓದ್ತಾರೆ, ಇಂಥವರಿಗೆ ಹೀಗಾಯ್ತು, ಅವರು ಹೀಗ್ ಮಾಡಿದ್ರೆ ಎಷ್ಟು ಉಪಯೋಗ, ಹಾಗ್ ಮಾಡಿದ್ರೆ ಎಷ್ಟು ಉಪಯೋಗ ಅಂತ ಕೇಳ್ತಾರೆ. ಇಲ್ಲಿ ಸರಿ ಉತ್ತರ ಅನ್ನೋದು ಗಣಿತದ ಥರ ಅಲ್ಲ, ಬಹಳ ಜನ ಏನು ಆರಿಸಿದ್ರೋ ಅದೇ ಸರಿ. ಆ ಬಹಳ ಜನ ಯಾರು ಅನ್ನೋದೇ ಪ್ರಶ್ನೆ. ಸಹೋದ್ಯೋಗಿ ಮೋಸ ಮಾಡಿದ ಅಂತಿಟ್ಕೊಳ್ಳಿ, ನೇರವಾಗಿ ಹೋಗಿ ಕೇಳೋದು ಒಳ್ಳೇದಾ, ಸುಮ್ಮನಿದ್ದು ಹಿರಿಯರ ಮೂಲಕ ಹೇಳಿಸೋದಾ? ಮುಖ ಉಳಿಸೋದು, ಅವರ ಮಾತಲ್ಲಿ ಮ್ಯೆನ್‌ಜ, ಚೀನೀ ಸಮಾಜದಲ್ಲಿ ಎಷ್ಟು ದೊಡ್ಡ ವಿಷಯ ಅಂದ್ರೆ ಎರಡನೇ ಉತ್ತರ ಅಲ್ಲಿ ಜಾಣತನ. ಅದನ್ನ ಆರಿಸಿದ ರೋಗಿಗೆ ಅಮೆರಿಕದ ಸರಿ ಉತ್ತರದ ಪಟ್ಟಿ ಹಿಡಿದು ಅಂಕ ಕಡಿಮೆ ಹಾಕಿ "ಸಾಮಾಜಿಕ ಅರಿವು ಕುಂದಿದೆ" ಅಂತ ಬರೆದ್ರೆ ಅದು ರೋಗಾನಾ ಸಂಸ್ಕಾರಾನಾ. ಇದೇ ವಿಷಯಕ್ಕೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನವರು ಹಿಡಿದ ದಾರಿ ಬೇರೆ, 2011ರಲ್ಲಿ ಸೊಕ್ರಾಟಿಸ್ ಅಂತ ಸಾಮಾಜಿಕ ಅರಿವಿನ ಟೆಸ್ಟುಗಳ ಒಂದು ಕಟ್ಟನ್ನ ಭಾರತದ ಸನ್ನಿವೇಶಕ್ಕೇ ಹೊಂದಿಸಿ, ಇಲ್ಲಿನ ರೋಗಿಗಳಲ್ಲೇ ಪರೀಕ್ಷಿಸಿ ತಂದ್ರು. ವಾಕ್ಯ ಬದಲಾಯಿಸೋದಲ್ಲ, ಸನ್ನಿವೇಶಾನೇ ಬದಲಾಯಿಸೋದು.

ಈಗ ಆ ಪೆನ್ಸಿಲ್ ಹಿಡಿಯದ ರೈತನ ವಿಷಯ. ಚೀನಾದಲ್ಲಿ ಓದಿನ ಅಂತರ ಎಷ್ಟು ಆಟ ಆಡಿಸುತ್ತೆ ಅನ್ನೋದು ಅಲ್ಲಿನವರಿಗೆ ಮುಂಚೇನೇ ಗೊತ್ತಿತ್ತು. 1980ರ ದಶಕದ ಶುರುವಲ್ಲೇ ಹೂನಾನ್‌ನ ಸೈಕಾಲಜಿಸ್ಟು ಗೋಂಗ್ ಯಾವ್‌ಷ್ಯೆನ್ ಅವರು ವೆಕ್ಸ್ಲರ್ ಬುದ್ಧಿಮತ್ತೆ ಪರೀಕ್ಷೆಯನ್ನ ಚೀನೀಗೆ ತಂದಾಗ ಪಟ್ಟಣಕ್ಕೊಂದು ಹಳ್ಳಿಗೊಂದು ಅಂತ ಎರಡು ಬೇರೆ ನಾರ್ಮ್ಸ್ ಇಟ್ಟಿದ್ರು. ಆ ದಶಕದಲ್ಲೇ ಶಾಂಘೈನಲ್ಲಿ ಸುಮಾರು 5000 ವಯಸ್ಸಾದವರಿಗೆ ಮರೆವಿನ ರೋಗದ ಎಂಎಂಎಸ್‌ಇ ಟೆಸ್ಟ್ ಮಾಡಿದಾಗ ಓದು ಬರದವರಲ್ಲಿ ಎಷ್ಟೋ ಜನ ರೋಗಿಗಳ ಥರ ಕಂಡ್ರು, ಕೊನೆಗೆ 30ಕ್ಕೆ, ಶಾಲೆ ಕಾಣದವರಿಗೆ 17, ಪ್ರೈಮರಿ ಓದಿದವರಿಗೆ 20, ಅದಕ್ಕಿಂತ ಹೆಚ್ಚು ಓದಿದವರಿಗೆ 24 ಅಂತ ಮೂರು ಗೆರೆ ಹಾಕಿದ್ರು. ಅದೇ ಟೆಸ್ಟಲ್ಲಿ ಇಂಗ್ಲಿಷಿನ ಒಂದು ನಾಲಗೆ ತೊಡರೋ ವಾಕ್ಯದ ಜಾಗಕ್ಕೆ ಚೀನೀಯರು ಹಾಕ್ಕೊಂಡಿದ್ದು "ನಲವತ್ನಾಲ್ಕು ಕಲ್ಲಿನ ಸಿಂಹಗಳು" ಅಂತ, ಸ್-ಶಿ-ಸ್ ಜ-ಶಿ-ಶಿಜ, ನೋಡಿ ಮತ್ತೆ ಬಂತು ಸಿಂಹ. ಅರ್ಥಕ್ಕೂ ಮೂಲಕ್ಕೂ ಸಂಬಂಧಾನೇ ಇಲ್ಲ, ನಾಲಗೆ ತೊಡರೋದು ಮಾತ್ರ ಅದೇ. ಇಷ್ಟು ಒಳ್ಳೇ ಅನುವಾದ ನಾನು ಇನ್ನೊಂದು ಕಂಡಿಲ್ಲ.

ಓದಿನ ವರ್ಷ ಅಂತ ಸುಮ್ಮನೆ ಎಣಿಸಿದ್ರೂ ಚೀನಾದಲ್ಲಿ ಮೋಸ ಹೋಗ್ತೀವಿ. 1966ರಿಂದ 1976ರವರೆಗೆ ಸಾಂಸ್ಕೃತಿಕ ಕ್ರಾಂತಿ, ಶಾಲೆಗಳು ಮುಚ್ಚಿದ್ವು, ತೆರೆದ್ರೂ ಪಾಠ ಅಷ್ಟಕ್ಕಷ್ಟೆ, ಹುಡುಗ್ರನ್ನ ಹೊಲಗದ್ದೆ ಕೆಲಸಕ್ಕೆ ಕಳಿಸಿದ್ರು, ಕಾಲೇಜು ಪ್ರವೇಶ ಪರೀಕ್ಷೆ ಮತ್ತೆ ಶುರುವಾಗಿದ್ದು 1977ರ ಡಿಸೆಂಬರಲ್ಲಿ. ಆ ಕಾಲದಲ್ಲಿ ಒಂಬತ್ತನೇ ಕ್ಲಾಸ್ ಮುಗಿಸಿದವರಿಗೂ 1995ರಲ್ಲಿ ಮುಗಿಸಿದವರಿಗೂ ಫಾರ್ಮಲ್ಲಿ ತುಂಬೋದು 9 ಅಂತಲೇ.

ಸರಿ, ಓದಿಗೆ ತಕ್ಕಂಗೆ ಅಂಕ ಸರಿಪಡಿಸೋಣ ಅಂತೀರಾ, ಅಲ್ಲೇ ಸ್ಕಿಜೋಫ್ರೇನಿಯಾದ ನಿಜವಾದ ಸಿಕ್ಕು ಇರೋದು. ಈ ಕಾಯಿಲೆ ಹೆಚ್ಚಾಗಿ ಶುರುವಾಗೋದು ಹದಿಹರೆಯದ ಕೊನೆ, ಇಪ್ಪತ್ತರ ಆಚೀಚೆ. ಪಿಯುಸಿ ವಯಸ್ಸಿನ ಹುಡುಗ ಕಾಯಿಲೆ ಬಂದು ಓದು ಬಿಟ್ಟ. ಅವನ ಓದು ಕಮ್ಮಿ ಆಗಿದ್ದು ಬಡತನದಿಂದಲ್ಲ, ಕಾಯಿಲೆಯಿಂದ. ಈಗ ಅವನನ್ನ ಅಷ್ಟೇ ಕಮ್ಮಿ ಓದಿದ ಆರೋಗ್ಯವಂತರ ಜೊತೆ ಹೋಲಿಸಿದ್ರೆ ಅಂತರ ಚಿಕ್ಕದಾಗಿ ಕಾಣುತ್ತೆ, ಕಾಯಿಲೆ ಕಸ್ಕೊಂಡಿದ್ದರಲ್ಲಿ ಒಂದು ಪಾಲನ್ನ ನಾವೇ ಲೆಕ್ಕದಿಂದ ಅಳಿಸಿ ಹಾಕ್ದಂಗೆ. ಸರಿಪಡಿಸದೆ ಬಿಟ್ರೆ ಶಾಲೇನೇ ಇಲ್ಲದ ಊರಲ್ಲಿ ಹುಟ್ಟಿದವನ ತಲೆ ಮೇಲೆ ಇಲ್ಲದ ಕಾಯಿಲೆ ಹೊರಿಸ್ದಂಗೆ. ಕೆಲವರು ಅಪ್ಪ ಅಮ್ಮನ ಓದನ್ನ ಲೆಕ್ಕಕ್ಕೆ ತಗೊಳ್ತಾರೆ, ಮಗನ ಕಾಯಿಲೆ ಅಪ್ಪನ ಓದನ್ನ ನಿಲ್ಲಿಸಿರಲ್ವಲ್ಲ. ನನಗೆ ಅದು ಸರಿ ಅನ್ಸುತ್ತೆ, ಆದ್ರೆ ಆ ಕ್ರಾಂತಿಯ ಪೀಳಿಗೇನೇ ಅಪ್ಪ ಅಮ್ಮ ಆಗಿರೋ ಮನೆಗಳಲ್ಲಿ ಅದೂ ಗೋಜಲೇ.

ತೊಂದರೆ ಯಾವಾಗ್ಲೂ ಒಂದೇ ಕಡೆ ವಾಲಲ್ಲ ಅನ್ನೋದನ್ನೂ ಹೇಳ್ಬೇಕು. ಎಂಸಿಸಿಬಿಯಲ್ಲಿ ಇಲ್ಲದಿದ್ರೂ ಎಲ್ಲ ಕಡೆ ಬಳಸೋ ಅಂಕಿ ಸಾಲು ಟೆಸ್ಟ್ ಇದ್ಯಲ್ಲ, ಹೇಳಿದ ಅಂಕಿಗಳನ್ನ ಹಾಗೇ ವಾಪಸ್ ಹೇಳೋದು, ಅದರಲ್ಲಿ ಚೀನೀಯರು ಮುಂದೆ. ಬುದ್ಧಿ ಜಾಸ್ತಿ ಅಂತಲ್ಲ, ಯಿ, ಅರ್, ಸಾನ್, ಸ್, ವು ಅಂತ ಅವರ ಅಂಕಿಗಳೆಲ್ಲ ಒಂದೊಂದೇ ಸದ್ದು. ಮನಸ್ಸಲ್ಲಿ ಸದ್ದು ಸುತ್ತೋ ಜಾಗ ಸುಮಾರು ಎರಡು ಸೆಕೆಂಡಿನಷ್ಟು, ಚಿಕ್ಕ ಪದ ಆದ್ರೆ ಹೆಚ್ಚು ಹಿಡಿಸುತ್ತೆ. ಇಂಗ್ಲಿಷಲ್ಲಿ ಏಳರ ಹತ್ತಿರ ನಿಲ್ಲೋದು ಹಾಂಗ್‌ಕಾಂಗ್‌ನ ಕ್ಯಾಂಟೊನೀಸ್ (ಅಲ್ಲಿನ ಚೀನೀ ಭಾಷೆ) ಮಾತಾಡೋ ವಿದ್ಯಾರ್ಥಿಗಳಲ್ಲಿ ಹತ್ತರ ಹತ್ತಿರ ಹೋಗಿತ್ತು. ನಮ್ಮ ಎರಡು, ನಾಲ್ಕು, ಎಂಟು, ಒಂಬತ್ತು ಹೇಳೋಷ್ಟರಲ್ಲಿ ಅವರು ಇನ್ನೂ ನಾಲ್ಕು ಮುಂದೆ. ಅಂದ್ರೆ ಅಮೆರಿಕದ ನಾರ್ಮ್ಸ್ ಇಟ್ಟು ನೋಡಿದ್ರೆ ನಿಜವಾಗಿ ನೆನಪು ಕುಂದಿರೋ ಚೀನೀ ರೋಗಿ ಈ ಟೆಸ್ಟಲ್ಲಿ ಆರಾಮಾಗಿ ನಾರ್ಮಲ್ ಅಂತ ಪಾಸಾಗ್ತಾನೆ, ಭಾವನೆ ಟೆಸ್ಟಲ್ಲಿ ಇರೋದಕ್ಕಿಂತ ಕೆಟ್ಟದಾಗಿ ಫೇಲಾಗ್ತಾನೆ. ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು. ಎರಡನ್ನೂ ಕೂಡಿಸಿ ಸರಾಸರಿ ತೆಗೆದ್ರೆ ಗಾಡಿ ನೆಟ್ಟಗೆ ನಿಂತಂಗೆ ಕಾಣುತ್ತೆ, ಅದೇ ಅಪಾಯ.

ಹಂಗಾದ್ರೆ ಅನುವಾದ ಮಾಡಿದ ಟೆಸ್ಟು ಸರಿಯಾಗಿದೆ ಅಂತ ಹೇಗೆ ಗೊತ್ತಾಗೋದು. ಬಹಳ ಪೇಪರುಗಳಲ್ಲಿ ಮೊದಲು ತೋರಿಸೋ ಸಾಕ್ಷಿ, ರೋಗಿಗಳ ಅಂಕ ಆರೋಗ್ಯವಂತರಿಗಿಂತ ಕಮ್ಮಿ ಬಂತು ಅನ್ನೋದು. ಇದು ನನಗೆ ಸಾಕ್ಷೀನೇ ಅಲ್ಲ. ಸ್ಕಿಜೋಫ್ರೇನಿಯಾ ಇರೋರು ಹೆಚ್ಚುಕಮ್ಮಿ ಯಾವ ಟೆಸ್ಟಲ್ಲೂ ಸರಾಸರಿ ಕಮ್ಮೀನೇ ತೆಗೀತಾರೆ, ಕೆಟ್ಟದಾಗಿ ಅನುವಾದ ಮಾಡಿದ್ರೂ ಕಮ್ಮೀನೇ ಬರುತ್ತೆ, ಇನ್ನೂ ಕಮ್ಮಿ ಬಂದು ಫಲಿತಾಂಶ ಇನ್ನೂ ಚೆನ್ನಾಗಿ ಕಾಣಬಹುದು! ನಾಲ್ಕು ವಾರ ಬಿಟ್ಟು ಮತ್ತೆ ಕೂರಿಸಿದ್ರೆ ಅಂಕ ಹತ್ತಿರ ಹತ್ತಿರ ಬರುತ್ತಾ, ಎರಡನೇ ಸಲ ಬರೀ ಅಭ್ಯಾಸದಿಂದ ಎಷ್ಟು ಏರುತ್ತೆ, ಅಂಕ ಹೆಚ್ಚಿರೋರು ಮನೇಲಿ, ಕೆಲಸದಲ್ಲಿ ನಿಜವಾಗಿ ಚೆನ್ನಾಗಿದ್ದಾರಾ, ಇವು ಸಾಕ್ಷಿ.

ಕೊನೇ ಪ್ರಶ್ನೆಗೆ ಇನ್ನೊಂದು ಟೆಸ್ಟು ಬೇಕು, ಅದೂ ಅಮೆರಿಕದ್ದೇ, ಸ್ಯಾನ್ ಡಿಯಾಗೋದಲ್ಲಿ ಹುಟ್ಟಿದ, ದಿನನಿತ್ಯದ ಕೆಲಸ ಮಾಡೋ ಸಾಮರ್ಥ್ಯ ಅಳೆಯೋ ಉಪ್ಸಾ. ಚಿಲ್ಲರೆ ಎಣಿಸೋದು, ಬಿಲ್ಲಿಗೆ ಚೆಕ್ ಬರೆಯೋದು, ಫೋನ್ ಮಾಡೋದು, ಬಸ್ ನಕ್ಷೆ ನೋಡೋದು ಎಲ್ಲ ನಟಿಸಿ ತೋರಿಸ್ಬೇಕು. ಚೀನಾದ ಸಾಮಾನ್ಯ ಜನ ಜೀವಮಾನದಲ್ಲಿ ಚೆಕ್ ಬರೆದಿಲ್ಲ. ನೋಟು ಎಣಿಸೋದೂ ಈಗ ಕಮ್ಮಿ, ತರಕಾರಿ ಅಂಗಡೀಲೂ ವೀಚಾಟ್ ತೆಗೆದು ಸ್ಕ್ಯಾನ್ ಮಾಡ್ತಾರೆ, ನಮ್ಮಲ್ಲಿ ಎಳನೀರಿನ ಗಾಡಿಗೆ ಫೋನ್‌ಪೇ ಸ್ಟಿಕ್ಕರ್ ಅಂಟಿಸಿರಲ್ವಾ, ಹಾಗೇ. ಅನುವಾದ ಮುಗಿಯೋಷ್ಟರಲ್ಲಿ ಊರೇ ಬದಲಾಗಿರುತ್ತೆ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಗುಂಪು ಆಚೇನೇ ಉಳೀತು. ವ್ಯಾಂಕೂವರಲ್ಲಿ ನಲವತ್ತು ವರ್ಷದಿಂದ ಇರೋ, ಕ್ಯಾಂಟೊನೀಸ್ ಮಾತಾಡೋ, ಹಾಂಗ್‌ಕಾಂಗಲ್ಲಿ ಶಾಲೆ ಓದಿ ಬಂದ ಒಬ್ಬ ಹೆಂಗಸು ಅಂತಿಟ್ಕೊಳ್ಳಿ. ಬೀಜಿಂಗ್ ಪಟ್ಟಿಯ ಪದಗಳು ಅವರಿಗೆ ಬೇರೆ ಉಚ್ಚಾರಣೆ, ಬರೆದು ತೋರಿಸಿದ್ರೆ ಸರಳಗೊಳಿಸಿದ ಅಕ್ಷರ, ಅವರು ಕಲಿತಿದ್ದು ಹಳೇ ಪೂರ್ಣ ಅಕ್ಷರ. ಕಾಯಿಲೆಯ ಹೆಸರೇ ಬೇರೆ, ಚೀನಾದ ಒಪ್ಪಿಗೆ ಪತ್ರದಲ್ಲಿ ಇರೋದು "ಮನಸ್ಸು ಒಡೆದ ರೋಗ" ಅನ್ನೋ ಅರ್ಥದ ಹಳೇ ಪದ, ನಮ್ಮ ಛಿದ್ರಮನಸ್ಕತೆ ಇದ್ದಂಗೆ. ಹಾಂಗ್‌ಕಾಂಗಲ್ಲಿ 2001ರಿಂದ ಒಟ್ಟಾರೆ ಸೈಕೋಸಿಸ್‌ಗೆ (ಇಲ್ಲದ ಧ್ವನಿ, ಅನುಮಾನ ಬರೋ ಕಾಯಿಲೆಗಳಿಗೆ), ತೈವಾನಲ್ಲಿ 2014ರಿಂದ ಸ್ಕಿಜೋಫ್ರೇನಿಯಾಗೇ "ಯೋಚನೆ ಮತ್ತು ಗ್ರಹಿಕೆಯ ಹದ ತಪ್ಪಿದ್ದು" ಅನ್ನೋ ಮೃದು ಪದ ಬಳಕೆಗೆ ಬಂತು. ಅವರಿಗೆ ಚೀನಾದ 600 ಜನರ ನಾರ್ಮ್ಸ್ ಹಾಕೋದಾ, ಅಮೆರಿಕದ 300 ಜನರದ್ದಾ? ನಾನಾಗಿದ್ರೆ ಎರಡನ್ನೂ ಹಾಕಿ ಎರಡು ಟಿ-ಸ್ಕೋರನ್ನೂ ರಿಪೋರ್ಟಲ್ಲಿ ಬರೀತಿದ್ದೆ, ಕೆಳಗೆ ಪದಗಳನ್ನ ಯಾವ ಭಾಷೇಲಿ ಓದಿದ್ದು, ಅವರು ಯಾವ ಭಾಷೇಲಿ ವಾಪಸ್ ಹೇಳಿದ್ದು ಅಂತ ಒಂದು ಸಾಲು ಸೇರಿಸಿ. ಓದೋ ಡಾಕ್ಟ್ರಿಗೆ ಕಿರಿಕಿರಿ ಆಗುತ್ತೆ, ಒಂದೇ ನಂಬರ್ ಕೊಡ್ರಿ ಅಂತಾರೆ. ಆಗ್ಲಿ ಬಿಡಿ.